ಎಡ ಮೂರು

ಡೌನ್‌ಲೋಡಿನ ಹಸಿರು ಪಟ್ಟಿ ಎಂಬತ್ತೇಳಕ್ಕೆ ಬಂದು ನಿಂತುಬಿಟ್ಟಿದೆ, ರಸ್ತೆಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ, ಏಳಪ್ಪಾ ಏಳು, ಹನ್ನೊಂದು ವರ್ಷ ಕಾದವನಿಗೆ ಇನ್ನು ಹದಿಮೂರು ಯಾವ ಮಹಾ — ಎಂಬತ್ತೆಂಟು, ಹಾಂ, ಹೊರಟಿತು — ಕಂಪ್ಯೂಟರಿನ ಕಾರು ಓಡಿಸುವ ಆಟಕ್ಕೆಂದು ಊಟದ ಮೇಜಿನ ಅಂಚಿಗೆ ಕ್ಲ್ಯಾಂಪ್ ಬಿಗಿದು ಕೂರಿಸಿದ ಸ್ಟೀರಿಂಗು, ಕೆಳಗೆ ಜಾರದಂತೆ ಗೋಣಿಚೀಲ ಹಾಸಿ ಇಟ್ಟ ಪೆಡಲುಗಳು, ಐವತ್ತೆರಡು ವರ್ಷಕ್ಕೆ ಆಟದ ಸಾಮಾನು ಎಂದು ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ, ನಗಲಿ, ಇವತ್ತೊಂದು ದಿನ ನಗಲಿ, ಇವತ್ತು ಈ ಆಟದ ಸಾಮಾನೇ ಸಾಕ್ಷಿ ಹೇಳುತ್ತದೆ, ಕಳಿಸಿದವಳು ಯಾರೋ ಮೂರನೆಯವಳಲ್ಲ, ಅಕ್ಕನ ಮಗಳು, ಸ್ವಂತ ಅಪ್ಪನಿಗೆ ವಿರುದ್ಧವಾಗಿ ಅವಳೇ ಕಳಿಸಿದ್ದಾಳೆ. ಮಾಮ, ಆ ದಿನದ ಬೆಟ್ಟದ ರಸ್ತೆ ಆಟದೊಳಗೆ ಮಾಡಿದೀನಿ, ಕಾರಲ್ಲಿದ್ದ ಕ್ಯಾಮರಾದ ಕಾರ್ಡು ಸಿಕ್ತು, ನಿಮ್ಮ ಧ್ವನಿ ಅದರಿಂದಲೇ ತೆಗೆದು ಹಾಕಿದೀನಿ, ಇದು ತಾನಾಗಿ ಸೇರಲ್ಲ, ನೀವೇ ಒಂದೊಂದಾಗಿ ಫೋಲ್ಡರಿಗೆ ಹಾಕಬೇಕು, ಹೇಗೆ ಅಂತ ಬರೆದಿದೀನಿ, ಓಡಿಸಿ ನೋಡಿ, ಅಪ್ಪನಿಗೆ ಹೇಳಬೇಡಿ. ಅಪ್ಪನಿಗೆ ಹೇಳಬೇಡಿ ಅಂತೆ! ಅಪ್ಪನಿಗೊಬ್ಬನಿಗೇ ಯಾಕೆ, ಊರಿಗೆಲ್ಲ ಹೇಳುತ್ತಾನೆ ಇವನು, ಮುಂದಿನ ಭಾನುವಾರ ರ‍್ಯಾಲಿ ಕ್ಲಬ್ಬಿನ ಗೋಡೆ ಮೇಲೆ ದೊಡ್ಡದಾಗಿ ಹಾಕಿ ಎಲ್ಲರೆದುರು ಕೇಳಿಸುತ್ತಾನೆ — ತೊಂಬತ್ತಾರು, ತೊಂಬತ್ತೊಂಬತ್ತು, ಬಂತು. ಎಲ್ಲ ಬಂದು ಇಳಿಯಿತು.

ಆ ದಿನ ಇವನು ಹೇಳಿದ್ದು ಮೂರು ಎಂದೇ. ಎಡ ಮೂರು. ಬೆಟ್ಟದ ರ‍್ಯಾಲಿಯಲ್ಲಿ ಡ್ರೈವರ್ ಓಡಿಸುವುದು ಕಣ್ಣಿನಿಂದಲ್ಲ, ಕಿವಿಯಿಂದ, ಪಕ್ಕದಲ್ಲಿ ಪುಸ್ತಕ ಹಿಡಿದು ಕೂತವನು ಮುಂದಿನ ತಿರುವು ಎಂಥದೆಂದು ಓದುತ್ತ ಹೋಗಬೇಕು, ಎಡವೋ ಬಲವೋ, ಜೊತೆಗೊಂದು ನಂಬರು, ಒಂದು ಎಂದರೆ ಬಂದ ದಾರಿಗೇ ಹೊರಳುವಂಥ ತಿರುವು, ಆರು ಎಂದರೆ ಆಕ್ಸಿಲರೇಟರಿನಿಂದ ಕಾಲೆತ್ತುವುದೇ ಬೇಡ, ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವುದು ಒಂದೇ ಒಂದು ಬ್ರೇಕು, ಆ ಒಂದು ಬ್ರೇಕನ್ನು ಅಕ್ಕನ ಗಂಡ ಹಾಕಲಿಲ್ಲ. ಒಂಬತ್ತು ವರ್ಷ ಭಾವ ಓಡಿಸಿದ, ಇವನು ಓದಿದ, ಭಾವ ಇವನನ್ನು ಗಿಳಿ ಎಂದೇ ಕರೆಯುತ್ತಿದ್ದದ್ದು, ಹೆಲ್ಮೆಟ್ಟಿನೊಳಗಿಂದ, ಗಿಳೀ, ಓದೋ, ಅಷ್ಟೇ, ಅಷ್ಟಕ್ಕೇ ಇವನು ಸೀಟಿನಲ್ಲಿ ನೆಟ್ಟಗಾಗಿ ಪುಟ ತಿರುವುತ್ತಿದ್ದ — ಆ ದಿನ ಮಂಜು, ಬಾನೆಟ್ಟಿನ ತುದಿ ಕಾಣದಂಥ ಮಂಜು, ನಲವತ್ತೊಂದನೆಯ ತಿರುವು, ಸುಣ್ಣ ಬಳಿದ ಮೋರಿಕಟ್ಟೆ, ಆಮೇಲೆ ಕಟ್ಟೆಯೂ ಇಲ್ಲ ರಸ್ತೆಯೂ ಇಲ್ಲ, ಕಾರು ಮೂರು ಪಲ್ಟಿ ಹೊಡೆದು ಮರಕ್ಕೆ ಬೆನ್ನು ಕೊಟ್ಟು ಕೂತಿತ್ತು, ಇವನ ಹೆಗಲಿಗೊಂದು ಗೀರು, ಭಾವನ ಬಲಮಂಡಿ ಪುಡಿ, ಇವತ್ತಿಗೂ ಮಡಚುವುದಿಲ್ಲ, ಲಾರಿ ತೂಗುವ ವೇಬ್ರಿಜ್ಜಿನ ಗೂಡಿನಲ್ಲಿ ಕಾಲು ಚಾಚಿಕೊಂಡು ಕೂತು ಚೀಟಿ ಹರಿಯುತ್ತಾನಂತೆ ಆ ಮಹಾ ಡ್ರೈವರು. ಆಸ್ಪತ್ರೆಯಲ್ಲಿ ಇವನು ಪುಸ್ತಕ ತೆರೆದು ಹಿಡಿದಿದ್ದ, ಭಾವ ನೋಡಿ, ಮೂರು ಅಂತಲೇ ಬರೆದಿದೆ, ನೋಡಿ, ಕಾಲನ್ನು ಮೇಲಕ್ಕೆ ಕಟ್ಟಿ ಮಲಗಿಸಿದ್ದ ಭಾವ ತಲೆ ಹೊರಳಿಸಿ ನೋಡಿದ, ಹೌದು ಕಣೋ, ಮೂರು ಅಂತಲೇ ಬರೆದಿದೆ. ಅಕ್ಕ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮೊದಲು ಅವರ ಕಾಲು ನೋಡೋ, ಪುಸ್ತಕ ಆಮೇಲೆ ತೋರಿಸು ಅಂದಳು, ಒಡಹುಟ್ಟಿದವಳು! ಅವತ್ತಿನಿಂದ ಅವಳ ಮಾತಿಲ್ಲ, ಫೋನಿಲ್ಲ, ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ಆಚೆ ಹೋಗುತ್ತಾಳೆ. ವಿಚಾರಣೆಗೆ ಕೂತ ರ‍್ಯಾಲಿ ಕಮಿಟಿಯವರ ಮುಂದೆ ಭಾವ ಏನು ಹೇಳಿದ, ತಪ್ಪು ನನ್ನದು, ಜೋರಾಗಿ ಹೋದೆ, ಕ್ಯಾಮರಾದ ಕಾರ್ಡು ಕೆಟ್ಟೋಗಿದೆ, ಮುಗಿಯಿತು. ಜಗಳವಾಡಿದ್ದರೆ ಜಗಳವಾದರೂ ಆಡಬಹುದಿತ್ತು, ಆದರೆ ಆ ಮನುಷ್ಯ ತಪ್ಪು ಒಪ್ಪಿಕೊಂಡದ್ದೂ ಹೇಗೆ, ಏನೋ ಭಿಕ್ಷೆ ಹಾಕಿದವರ ಹಾಗೆ, ಅದನ್ನು ನೋಡಿ ಅರ್ಧ ಊರು ಮಾತಾಡಿತು, ಭಾವಮೈದುನನ್ನ ಉಳಿಸೋಕೆ ಹಾಗಂದ ಬಿಡು ಎಂದು. ಉಳಿಸೋಕೆ! ಯಾರನ್ನ, ಯಾತರಿಂದ? ಆ ದೊಡ್ಡಸ್ತಿಕೆಯೇ ಹನ್ನೊಂದು ವರ್ಷ ಇವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ.

ಇರಲಿ, ಕೆಲಸ ನೋಡೋಣ. ಚೀಟಿಯಲ್ಲಿ ಏಳು ಸಾಲು ಬರೆದಿದ್ದಾಳೆ, ನಕ್ಷೆ ಬಿಡಿಸುವ ಕಚೇರಿಯಲ್ಲಿ ಇರುವವಳಲ್ಲವೇ, ಎಲ್ಲ ನಂಬರು ಹಾಕಿ. ಒಂದು, ಜಿಪ್ ಫೈಲಿನ ಕಟ್ಟು ಬಿಚ್ಚಿ. ಬಿಚ್ಚಿದ. ಎರಡು, ರಸ್ತೆ ಅಂತ ಒಂದು ಫೋಲ್ಡರ್ ಇದೆ ಮಾಮ, ಅದರೊಳಗೆ ಅದೇ ಹೆಸರಿನ ಇನ್ನೊಂದಿದೆ, ಒಳಗಿನದನ್ನೇ ಎತ್ತಿ ಆಟದ ರಸ್ತೆಗಳ ಜೊತೆ ಹಾಕಿ, ಹೊರಗಿನದನ್ನ ಹಾಕಿದರೆ ಆಟಕ್ಕೆ ಕಾಣಲ್ಲ. ಒಳಗಿನದು, ಒಳಗಿನದು, ಹಾಕಿದ. ಮೂರು, ಕಾರು, ಅಯ್ಯೋ ಅದೇ ಕಾರು, ಅದೇ ಬಿಳಿ, ಬಾಗಿಲ ಮೇಲೆ ಅದೇ ಕೆಂಪು ಪಟ್ಟೆ, ಇಬ್ಬರೂ ಸೇರಿ ಒಂದು ಮಧ್ಯಾಹ್ನವೆಲ್ಲ ಅಂಟಿಸಿದ್ದು, ಗುಳ್ಳೆ ಎದ್ದಿತ್ತು, ಭಾವ ಸೂಜಿಯಲ್ಲಿ ಚುಚ್ಚಿ ಚುಚ್ಚಿ ಒತ್ತಿದ್ದ — ಹಾಕಿದ. ನಾಲ್ಕು, ತಿರುವುಗಳ ಪಟ್ಟಿ — ರೀ, ಚಹಾ ಇಟ್ಟು ಅರ್ಧ ಗಂಟೆ ಆಯ್ತು, ಕುಡೀತೀರೋ ಗಿಡಕ್ಕೆ ಹಾಕ್ಲೋ. ಬಂದೆ ಇರೇ. ಬಂದೆ ಬಂದೆ ಅಂತ ಸಾಯಂಕಾಲ ಮಾಡ್ತೀರ, ಸಾಮಾನಿನ ಚೀಟಿ ಕೊಟ್ಟರೆ ನಡುವೆ ಸಾಬೂನು ಬಿಟ್ಟು ಬರ್ತೀರ, ಅದಕ್ಕೆ ಮಾತ್ರ ಹೊತ್ತಿಲ್ಲ. ಬಾಯಿಗೆ ಬೀಗವಿಲ್ಲದ ಹೆಂಗಸು, ಸಾಬೂನಂತೆ ಸಾಬೂನು, ಬಸ್ ನಿಲ್ದಾಣದ ಮೈಕಿನ ಮುಂದೆ ಹನ್ನೊಂದು ವರ್ಷದಿಂದ ಕೂತಿದ್ದಾನೆ, ಎಲ್ಲಿಗೆ ಹೋಗುವ ಗಾಡಿ ಎಷ್ಟನೇ ಅಂಕಣದಲ್ಲಿ ಎಂದು ದಿನಕ್ಕೆ ಮುನ್ನೂರು ಸಲ ಕೂಗುತ್ತಾನೆ, ಒಂದು ದಿನ, ಒಂದೇ ಒಂದು ದಿನ ತಪ್ಪು ಅಂಕಣ ಹೇಳಿದ್ದಾನೆಯೇ, ಕೇಳಿ ನೋಡಿ ಯಾರನ್ನಾದರೂ — ಪಟ್ಟಿ ಹಾಕಿದ, ಆರು, ನಿಮ್ಮ ಧ್ವನಿಯ ಫೋಲ್ಡರ್ ಇಲ್ಲಿ ಹಾಕಿ, ಹಾಕಿದ, ಏಳು, ಹವಾಮಾನದಲ್ಲಿ ಮಂಜು ಅಂತ ಒತ್ತಿ, ಒತ್ತಿದ. ಅಷ್ಟೇ ತಾನೇ, ಇದಕ್ಕೇನು ಬ್ರಹ್ಮವಿದ್ಯೆಯೇ.

ಪರದೆಯ ಮೇಲೆ ಮಂಜು ಏಳುತ್ತದೆ, ಮಂಜಿನ ಕೆಳಗೆ ಎರಡು ಕರಿ ಗ್ಲೌಸಿನ ಕೈಗಳು ಸ್ಟೀರಿಂಗ್ ಹಿಡಿದಿವೆ, ಡ್ರೈವರಿಗೆ ತಲೆಯಿಲ್ಲ ಮೈಯಿಲ್ಲ, ಕೈಗಳಷ್ಟೇ, ಇವನು ಮೇಜಿನ ಮೇಲಿನ ಚಕ್ರವನ್ನು ಒಂದಿಷ್ಟು ಆಚೀಚೆ ಮಾಡಿದರೆ ಅವೂ ಅಷ್ಟೇ ಆಚೀಚೆ. ಭಲೆ ಹುಡುಗಿ. ಮೂರು, ಎರಡು, ಒಂದು, ಹೊರಟಿತು, ಮೊದಲ ತಿರುವು — ಯಾರೋ ಒಬ್ಬ ಪರದೇಶಿ ಮೂಗಿನಲ್ಲಿ ಏನೋ ಗೊಣಗಿದ. ಇದು ಯಾರ ಧ್ವನಿ, ಇವನದಲ್ಲ, ಆಟದ ಜೊತೆಗೇ ಬಂದ ಹಳೆಯ ಬಾಯಿ! ನಿಲ್ಲಿಸಿ ಫೋನು ಮಾಡಿದ, ಏನೇ ಇದು, ನೆಟ್ಟಗೆ ಬರೀಬಾರದಾ. ಮಾಮ, ಐದನೇದು ಮಾಡಿದ್ರಾ. ಎಲ್ಲಾ ಮಾಡಿದೀನಿ, ನಾನೇನು ನಿನ್ನೆ ಹುಟ್ಟಿದವನಾ. ಹಳೇ ಧ್ವನಿ ಫೋಲ್ಡರಿನ ಹೆಸರು ಬದಲಾಯಿಸಿದ್ರಾ, ಅದು ಹಾಗೇ ಇದ್ರೆ ಹೊಸದು ಮಾತಾಡಲ್ಲ. ಅದನ್ನ ಎಲ್ಲಿ ಬರೆದಿದೀಯ. ಐದನೇ ಸಾಲಲ್ಲಿ, ಮಾಮ. ಇತ್ತು, ಸಾಲು ಇತ್ತು, ನಾಲ್ಕಕ್ಕೂ ಆರಕ್ಕೂ ನಡುವೆ ಸುಮ್ಮನೆ ಕೂತಿತ್ತು. ಇಂಥದ್ದನ್ನ ದಪ್ಪಕ್ಷರದಲ್ಲಿ ಬರೀಬೇಕು. ಆಯ್ತು ಮಾಮ. ಕಾರ್ಡು ಎಲ್ಲಿ ಸಿಕ್ತೇ. ಅಪ್ಪನ ಹಳೇ ಕನ್ನಡಕದ ಡಬ್ಬೀಲಿ. ನೋಡಿದೆಯಾ, ಕೆಟ್ಟೋಗಿದೆ ಅಂದವರು ಬಚ್ಚಿಟ್ಟಿದಾರೆ! ಹೌದು ಮಾಮ, ಬಚ್ಚಿಟ್ಟಿದ್ರು, ಎಂದಳು, ಅಷ್ಟೇ ಎಂದು ಫೋನಿಟ್ಟಳು. ಪಾಪ, ಹುಡುಗಿಗೆ ಅಪ್ಪನ ಮಾನದ ಪ್ರಶ್ನೆ. ನಿನ್ನೆ ಭಾನುವಾರ ಕ್ಲಬ್ಬಿಗೆ ಮೊದಲ ಸಲ ಬಂದಿದ್ದಳು, ಟೈರು ಅಂಗಡಿಯ ಹಿಂದಿನ ಆ ಉದ್ದ ಕೋಣೆಯಲ್ಲಿ ಕೊನೆ ಕುರ್ಚಿ, ಹೊಸಬರಿಗೆ ಪುಸ್ತಕ ಓದುವುದನ್ನು ಇವನೇ ಅಲ್ಲವೇ ಕಲಿಸುವುದು, ಪ್ರತಿ ತಂಡಕ್ಕೂ ಮೊದಲ ಪಾಠ ಆ ತಿರುವೇ, ಬೆರಳು ಸಾಲಿನ ಕೆಳಗೇ ಇರಬೇಕು, ನಾನು ಮೂರು ಅಂದೆ, ನಮ್ಮ ಭಾವನ ಕಿವಿಗೆ ಅದು ನಾಲ್ಕಾಯ್ತು. ಯಾರೋ, ಅಯ್ಯೋ ಪಾಪ ಅವರ ಕಾಲು ಹೋಯ್ತಂತಲ್ಲ ಅಂದರು. ಕಾಲು ಹೋದದ್ದು ಆಮೇಲೆ ಕಣ್ರೀ, ಕಿವಿ ಹೋದದ್ದು ಮೊದಲು. ಕೋಣೆಯೆಲ್ಲ ನಕ್ಕಿತು. ಅಕ್ಕನ ಮಗಳು ನಗಲಿಲ್ಲ, ನೋಡುತ್ತಿದ್ದಳು, ನಾಚಿಕೆ ಇರಬೇಕು ಎಂದುಕೊಂಡ. ಆರು ತಿಂಗಳಿಂದ ಕಟ್ಟುತ್ತಿದ್ದಳಂತೆ ಆ ರಸ್ತೆಯನ್ನು, ನಿನ್ನೆ ಕ್ಲಬ್ಬಿನಿಂದ ಹೋದ ಮೇಲೆಯೇ ಕಳಿಸಿದಳು.

ಐದನೆಯದು ಮಾಡಿದ. ಹಳೆಯ ಬಾಯಿಗೆ ಬೇರೆ ಹೆಸರು ಕೊಟ್ಟು ಮೂಲೆಗೆ ತಳ್ಳಿದ. ಮಂಜು, ಕೈಗಳು, ಮೂರು ಎರಡು ಒಂದು — ಬಲ ಐದು, ಉದ್ದ. ಅಬ್ಬಾ! ಅವನದೇ, ನಲವತ್ತೊಂದು ವರ್ಷದವನ ಧ್ವನಿ, ಚಾಕುವಿನಲ್ಲಿ ಕೊಯ್ದ ಹಾಗೆ, ಹಿಂದೆ ಇಂಜಿನ್ನಿನ ಕೂಗು, ಗೇರಿನ ಸದ್ದು, ಎಡ ನಾಲ್ಕು, ಬಲ ಎರಡು, ಕಲ್ಲು ಇದೆ, ತಿರುವಿನ ಒಳ ಅಂಚು ಮುಟ್ಟಬೇಡಿ, ಕಣ್ಣಲ್ಲಿ ನೀರು ಬಂದುಬಿಟ್ಟಿತು ಥೂ, ಎಂಥ ಓದು, ಇಂಥ ಓದುಗಾರನನ್ನು ಕರೆದುಕೊಂಡು ಹೋಗಿ ಬಸ್ಸಿನ ನಂಬರು ಕೂಗಲು ಕೂರಿಸಿದರಲ್ಲ. ಹತ್ತು ತಿರುವು, ಇಪ್ಪತ್ತು, ಈಗ ರಸ್ತೆ ನೋಡುತ್ತಲೇ ಇಲ್ಲ ಅವನು, ನೋಡಲು ಏನಿದೆ, ಬಿಳಿ, ಬರೀ ಬಿಳಿ, ಧ್ವನಿ ಹೇಳುತ್ತದೆ ಕೈ ತಿರುಗುತ್ತದೆ, ಹೇಳುತ್ತದೆ ತಿರುಗುತ್ತದೆ, ಒಂಬತ್ತು ವರ್ಷ ಆಚೆ ಸೀಟಿನಲ್ಲಿ ಕೂತು ಒಮ್ಮೆಯೂ ತಿಳಿಯಲಿಲ್ಲ, ಹೀಗೆ ಇರುತ್ತದೆ ಇದು, ಇಷ್ಟೊಂದು ಕೊಟ್ಟುಬಿಟ್ಟು ಓಡಿಸುವುದು — ಮೂವತ್ತೆಂಟು, ಮೂವತ್ತೊಂಬತ್ತು, ಬರುತ್ತಿದೆ, ಕೇಳಿಸಿಕೊಳ್ಳಿ ಎಲ್ಲರೂ, ಅಕ್ಕಾ ನೀನೂ ಕೇಳಿಸಿಕೋ, ನಲವತ್ತು, ಉಬ್ಬು, ಕಾರು ಹಾರಿತು, ಇಳಿಯಿತು, ಪುಸ್ತಕ ತೊಡೆಯಿಂದ ನೆಗೆದದ್ದು ಈಗ ನೆನಪಾಗುತ್ತದೆ, ಬೆರಳು ಎಲ್ಲಿತ್ತು, ಬೆರಳನ್ನು ಮತ್ತೆ ಇಟ್ಟದ್ದು ಯಾವ ಸಾಲಿಗೆ — ಎಡ ನಾಲ್ಕು. ಏನು? ನಾಲ್ಕಾ, ಗಿಳಿ? ಇದು ಭಾವ, ಇದು ಭಾವನ ಧ್ವನಿ, ಹೆಲ್ಮೆಟ್ಟಿನೊಳಗಿಂದ, ಕೇಳುತ್ತಿದ್ದಾನೆ. ನಾಲ್ಕು, ಹೋಗಿ ಭಾವ, ಎಂದಿತು ಇವನದೇ ಧ್ವನಿ! ಮತ್ತು ಕೈಗಳು ತಿರುಗಿದವು, ನಾಲ್ಕಕ್ಕೆ ಎಷ್ಟು ಬೇಕೋ ಅಷ್ಟು, ಸುಣ್ಣದ ಕಟ್ಟೆ, ಆಕಾಶ, ಮರ, ಆಕಾಶ.

ಕತ್ತರಿಸಿ ಅಂಟಿಸಿದ್ದಾಳೆ, ಅಪ್ಪನ ಮಗಳಲ್ಲವೇ, ಬೇರೆ ತಿರುವಿನ ನಾಲ್ಕನ್ನು ತಂದು ಇಲ್ಲಿಟ್ಟಿದ್ದಾಳೆ ಕಳ್ಳಿ — ಫೋಲ್ಡರ್ ತೆರೆದ, ನಲವತ್ತೊಂದನೆಯ ಫೈಲು, ಒತ್ತಿದ, ಉಬ್ಬು ಇಳಿದ ಧಡ್ ಸದ್ದು, ಎಡ ನಾಲ್ಕು, ನಾಲ್ಕಾ ಗಿಳಿ, ನಾಲ್ಕು ಹೋಗಿ ಭಾವ, ಇಂಜಿನ್ನಿನ ಕೂಗು ಎಲ್ಲೂ ತುಂಡಾಗಿಲ್ಲ, ಒಂದೇ ಉಸಿರಿನ ಹಾಗೆ ಇದೆ. ಕಪಾಟಿನಿಂದ ಪುಸ್ತಕ ತಂದ, ನೂರು ಜನಕ್ಕೆ ತೋರಿಸಿ ಅಂಚು ಎಣ್ಣೆ ಹಿಡಿದ ಪುಸ್ತಕ, ನಲವತ್ತೊಂದು, ಎಡ ಮೂರು, ಹೌದು ಬರೆದಿದೆ, ಅದರ ಕೆಳಗಿನ ಸಾಲು ನಲವತ್ತೆರಡು, ಎಡ ನಾಲ್ಕು. ಹನ್ನೊಂದು ವರ್ಷ ಜನಕ್ಕೆ ಆ ಒಂದು ಸಾಲು ತೋರಿಸಿದವನು ಅದರ ಕೆಳಗಿನದನ್ನು ಓದಿರಲಿಲ್ಲ. ಹೌದು ಕಣೋ, ಮೂರು ಅಂತಲೇ ಬರೆದಿದೆ, ಅಂದಿದ್ದ ಭಾವ, ಬರೆದಿದೆ ಅಂದಿದ್ದ. ರೀ, ಯಾಕೆ ಹಾಗೆ ಕೂತಿದೀರಿ, ಗೆದ್ದರೋ ಸೋತರೋ, ಎಂದಳು ಹೆಂಡತಿ. ಇನ್ನೊಂದು ಸಲ, ಈ ಸಲ ಗೊತ್ತಿದೆಯಲ್ಲ, ಈ ಸಲ ಮೂರೇ ಹಿಡಿಯುತ್ತಾನೆ, ಬಾಯಿ ಏನಾದರೂ ಹೇಳಿಕೊಳ್ಳಲಿ, ಇವನು ಬ್ರೇಕು ಹಾಕುತ್ತಾನೆ, ಬಲ ಐದು, ಎಡ ನಾಲ್ಕು, ಬಲ ಎರಡು, ಮೂವತ್ತೊಂಬತ್ತು, ನಲವತ್ತು, ಉಬ್ಬು, ಎಡ ನಾಲ್ಕು, ನಾಲ್ಕಾ ಗಿಳಿ, ಮೂರು ಭಾವ ಮೂರು ಎಂದು ಊಟದ ಮೇಜಿನ ಮುಂದೆ ಗಟ್ಟಿಯಾಗಿ ಕೂಗಿದ, ಪರದೆಯೊಳಗಿನವನು ನಾಲ್ಕು ಹೋಗಿ ಭಾವ ಎಂದ, ಚಕ್ರ ಹಿಡಿದ ಸ್ವಂತ ಕೈಗಳೇ ಇವನ ಮಾತು ಕೇಳಲಿಲ್ಲ, ಅವನ ಮಾತು ಕೇಳಿದವು, ಕಟ್ಟೆ, ಆಕಾಶ — ಮತ್ತೆ, ಇನ್ನೊಂದು ಸಲ, ಮಂಜು, ಕರಿ ಗ್ಲೌಸು, ಎರಡು ಕೈ, ಒಂದಿಷ್ಟೂ ಅನುಮಾನವಿಲ್ಲದೆ, ಹೇಳಿದಷ್ಟೇ, ಹೇಳಿದಷ್ಟೇ ತಿರುಗುವ ಎರಡು ಕೈ, ಎರಡು ಕೈ —