ಮಯ್ಯತ್ತಿನ ಮುಂದೆ ಫೀ ಬಾಕಿ

ನನ್ನ ತಂಗಿ ಗೌಸಬಿಯ ಒಬ್ಬಳೇ ಮಗಳು ಗುಲನಾಜ ಕಾಮಾಲೆಯಿಂದ ತೀರಿಕೊಂಡಳು. ಮುದ್ದೇಬಿಹಾಳದ ಒಂದು ಖಾಸಗಿ ಕಾಲೇಜಿನಲ್ಲಿ ನರ್ಸಿಂಗ್ ಎರಡನೇ ವರ್ಷ ಶುರುವಾಗಿ ತಿಂಗಳಾಗಿತ್ತು ಅಷ್ಟೇ. ತಂದೆಯಿಲ್ಲದ ಹುಡುಗಿ, ವಾರಸುದಾರನಾಗಿ ನಿಲ್ಲಬೇಕಾದವನು ಸೋದರಮಾವ ನಾನೇ. ಮಣ್ಣಿಗೆ ಹೊರಡುವಾಗ ಗೌಸಬಿ ನನ್ನ ತೋಳು ಹಿಡಿದಳು.

"ಅಣ್ಣಾ, ನನ್ನ ಮಗಳು ಯಾರ ಸಾಲಾನೂ ಹೊತ್ಕೊಂಡು ಮಣ್ಣಿಗೆ ಹೋಗಬಾರದು."

ನಮ್ಮೂರು ಬಾಗೇವಾಡಿಯ ಖಬರಸ್ತಾನದಲ್ಲಿ ಮಯ್ಯತ್ತನ್ನು, ಅಂದರೆ ಹೆಣವನ್ನು, ಮುಂದಿಟ್ಟುಕೊಂಡು ಎಲ್ಲರೂ ನಿಂತೆವು. ನಮಾಜಿಗೆ ಮುಂಚೆ ವಾರಸುದಾರ ಒಂದು ಮಾತು ಕೇಳುವುದು ನಮ್ಮ ರೂಢಿ. ನಾನೂ ಕೇಳಿದೆ: "ಈ ಮಯ್ಯತ್ತಿನ ಮ್ಯಾಲೆ ಯಾರದರ ಬಾಕಿ ಇದ್ರ ಹೇಳ್ರಿ, ನಾ ತೀರಸ್ತೇನಿ. ಇಲ್ಲಾ ಮಾಫ್ ಮಾಡ್ರಿ."

ಸಾಮಾನ್ಯವಾಗಿ ಜನ ತಲೆ ತಗ್ಗಿಸಿ ಸುಮ್ಮನಿರುತ್ತಾರೆ. ಏನಾದರೂ ಬರಬೇಕಿದ್ದವರು ಆಮೇಲೆ ಮನೆಗೆ ಬರುತ್ತಾರೆ.

"ಐತ್ರಿ ಬಂದಗಿಸಾಬರ," ಎಂದು ಹಿಂದಿನಿಂದ ದನಿ ಬಂತು. "ಈ ವರ್ಷದ ಫೀ ಪೂರಾ ಬಾಕಿ ಐತ್ರಿ."

ಕಾಲೇಜಿನ ಪರವಾಗಿ ಹಾರ ಹಿಡಿದು ಬಂದಿದ್ದ ಗುಮಾಸ್ತ ಸಿದ್ದಲಿಂಗ. ಕೇಳಿದರಲ್ಲ ಎಂದು ಹೇಳಿಬಿಟ್ಟಿದ್ದ, ಪಾಪ. ಆದರೆ ಆ ಹೊತ್ತಿಗೆ ನನಗೆ ಪಾಪ ಅನ್ನಿಸಲಿಲ್ಲ, ಮೈಯೆಲ್ಲ ಉರಿದುಹೋಯಿತು. ಅವನ ಕಾಲರ್ ಹಿಡಿಯಲು ಹೊರಟವನನ್ನು ನಮಾಜು ಮಾಡಿಸಲು ಬಂದಿದ್ದ ಮೌಲಾನಾ ತಡೆದರು.

"ಎಷ್ಟು ದಿನ ಕಲಿಸೀರಪ್ಪಾ?" ಎಂದು ಅವನನ್ನೇ ಕೇಳಿದರು.

"ಒಂದು ತಿಂಗಳ್ರಿ."

"ಆ ತಿಂಗಳದ್ದು ನಿಮ್ಮ ಹಕ್ಕು, ಅದು ಸಾಲ ಖರೇ. ಕಲಿಸಲಾರದ ತಿಂಗಳಿಗೆ ಫೀ ಎಲ್ಲಿಂದ ಬಂತು? ಮನಿ ಬಿದ್ದ ಮ್ಯಾಲೆ ಬಾಡಿಗಿ ಕೇಳ್ತಾರೇನು?"

"ಕಾಲೇಜಿನ ರೂಲ್ ಹಂಗಿಲ್ರಿ. ವರ್ಷ ಶುರು ಆದ್ರ ಪೂರಾ ಕಟ್ಟಬೇಕು. ನಡುವ ಬಿಟ್ರೂ ಅಷ್ಟ, ಜಡ್ಡು ಬಿದ್ರೂ ಅಷ್ಟ."

"ಅದು ನಿಮ್ಮ ರೂಲು. ಶರೀಅತ್ತಿನ್ಯಾಗ ಮಾಡಲಾರದ ಕೆಲಸಕ್ಕ ಕೂಲಿ ಇಲ್ಲ. ಈ ಹುಡುಗಿ ಕೊಳ್ಳಾಗ ಅದನ್ನ ಕಟ್ಟಬ್ಯಾಡ್ರಿ."

ಒಂದು ತಿಂಗಳ ಹಣವನ್ನು ಅಲ್ಲೇ ಕೊಟ್ಟೆ. ಸಿದ್ದಲಿಂಗ ಅಳುತ್ತಲೇ ತೆಗೆದುಕೊಂಡ. ನಮಾಜು ಆಯಿತು, ಮಣ್ಣೂ ಆಯಿತು.

ಗೌಸಬಿಗೆ ಇದನ್ನು ಹೇಳಿದರೆ ಸ್ವಲ್ಪವಾದರೂ ಸಮಾಧಾನವಾದೀತು ಎಂದುಕೊಂಡು ಮನೆಗೆ ಬಂದೆ.

"ಆಕಿ ಮ್ಯಾಲೆ ಏನೂ ಉಳಿದಿಲ್ಲವ್ವಾ," ಎಂದೆ. "ಕಲಿಯದ ದಿನಕ್ಕ ಫೀ ಇಲ್ಲಂತ, ಮೌಲಾನಾ ಸಾಬರು ಎಲ್ಲಾರ ಮುಂದ ಹೇಳಿದ್ರು."

ಗೌಸಬಿ ಎದೆ ಬಡಿದುಕೊಂಡಳು.

"ಕಣ್ಣು ಹಳದಿ ಆದಾಗ ಮನಿಗೆ ಬಾ ಅಂತ ಫೋನ್ ಹಚ್ಚಿದ್ದೆ ಅಣ್ಣಾ. 'ಬಂದ್ರೂ ಫೀ ಪೂರಾ ಕಟ್ಟೂದ ಐತಿ ಅಮ್ಮಾ, ಸುಮ್ಮನ ಹಾಳಾಗ್ತೈತಿ, ಕ್ಲಾಸಿಗೆ ಹೋಗಾಕತ್ತೇನಿ' ಅಂದ್ಲು. ಮೌಲಾನಾ ಸಾಬರು ಹೇಳಿದ ಆ ಮಾತು ಆಕಿ ಇದ್ದಾಗ ಯಾರೂ ಯಾಕ ಹೇಳಲಿಲ್ಲ?"