ಜೀರಿಗೆ ಮಿಡಿಯ ಗುರುತು

ಉಜ್ವಲನಿಗೆ ನಾಚಿಕೆ ಅಂತ ಒಂದಿದ್ದಿದ್ದರೆ ಭಾಗ್ಯಳ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಎನ್.ಆರ್. ಪುರದ ಆ ಉಪ್ಪಿನಕಾಯಿ ವ್ಯಾಪಾರಿ ನಗುನಗುತ್ತಲೇ ಬಂದು, ಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಅವಳ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂತ. ಅಂಗೈಯಗಲದ ಹೊಸ ಜಿಪಿಎಸ್ ಒಂದನ್ನು ಮೇಜಿನ ಮೇಲಿಟ್ಟ.

“ಕಾಡಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗಲ್ಲ ಮಾರಾಯ್ತಿ. ನಮ್ಮ ಆಳುಗಳು ಮಿಡಿ ಮರ ಹುಡುಕೋದ್ರಲ್ಲೇ ದಿನ ಕಳೀತಾರೆ. ನಿನ್ನ ಕಂಪ್ಯೂಟರಲ್ಲಿ ಗುರುತು ಹಾಕಿಟ್ಟಿದೀಯಲ್ಲ, ಅಷ್ಟನ್ನೂ ಇದಕ್ಕೆ ಇಳಿಸಿಕೊಡು.”

ಆ ಗುರುತು ಹಾಕಲು ಭಾಗ್ಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡು ವರ್ಷದ ಹಿಂದೆ ಬೇಗಾರಿನಿಂದ ಬಾಳೆಹೊನ್ನೂರಿನ ತನಕ ಹಳ್ಳ, ಹೊಳೆಗಳ ದಂಡೆ ಅಲೆದು, ಮಾವಿನ ಮಿಡಿಯ ತೊಟ್ಟು ಮುರಿದು ಸೊನೆಗೆ ಜೀರಿಗೆಯ ಪರಿಮಳವಿದೆಯೇ ಎಂದು ಮೂಸಿ, ಒಳ್ಳೆಯ ಮರಗಳನ್ನಷ್ಟೇ ಉಜ್ವಲನಿಗಾಗಿ ನಕ್ಷೆಗೆ ಸೇರಿಸಿದ್ದಳು. ಕೊಕ್ಕೆಯಲ್ಲೇ ಮಿಡಿ ಇಳಿಸುತ್ತೇನೆ, ಒಂದು ಕೊಂಬೆಯನ್ನೂ ಕಡಿಸುವುದಿಲ್ಲ ಎಂದು ಉಜ್ವಲ ಮಾತು ಕೊಟ್ಟಿದ್ದ. ಮಾತಿಗೇನು, ಆಡಿದರೆ ಮುಗಿಯಿತು. ಹೋದ ವರ್ಷ ಅವನ ಆಳುಗಳು ನಾರ್ವೆಯ ಹಳ್ಳದಂಚಿನ ಜೀರಿಗೆ ಮಿಡಿ ಮರದ ಕೊಂಬೆಗಳನ್ನೆಲ್ಲ ಗರಗಸದಲ್ಲಿ ಕೊಯ್ದು ಕೆಡವಿ, ನೆಲದಲ್ಲಿ ಕೂತು ಆರಾಮಾಗಿ ಮಿಡಿ ಬಿಡಿಸಿಕೊಂಡು ಹೋದರು. ಭಾಗ್ಯಳ ಅಪ್ಪ ವಾಸಪ್ಪ ಹುಡುಗನಾಗಿದ್ದಾಗಿನಿಂದ ಹತ್ತಿ ಇಳಿದ ಮರ ಅದು. ಮಳೆಗಾಲ ಮುಗಿಯುವುದರೊಳಗೆ ಒಣಗಿಹೋಯಿತು. ಹಳ್ಳದ ಜಾಗ ಸರ್ಕಾರದ್ದು, ಮರ ನಮ್ಮದೆಂದು ದೂರು ಕೊಡುವುದಾದರೂ ಹೇಗೆ? ವಾಸಪ್ಪ ಆಮೇಲೆ ಆ ಕಡೆ ಕಾಲಿಡಲಿಲ್ಲ.

ಕೇಳಲು ಹೋದರೆ ಉಜ್ವಲ, “ಚಿಗುರ್ತದೆ ಬಿಡು” ಅಂದಿದ್ದ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಭಾಗ್ಯಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ಆ ಕೊಯ್ಲಿಗೆ ಮುಂಚೆ ಅವನೇ ಫೋನ್ ಮಾಡಿ, “ಬಾಳೆಹೊನ್ನೂರ ಹತ್ರ ನಮ್ಮತ್ತೆ ಮನೆ ಹಿಂದಿನ ಮರದ ಗುರುತು ಒಂದನ್ನ ಮಾತ್ರ ಆಳುಗಳಿಗೆ ಕಳಿಸ್ಬೇಡ” ಎಂದಿದ್ದ. ಕೊಂಬೆ ಕೊಯ್ದರೆ ಮರ ಏನಾಗುತ್ತದೆಂದು ಆಸಾಮಿಗೆ ಚೆನ್ನಾಗಿಯೇ ಗೊತ್ತಿತ್ತು. ತನ್ನವರದ್ದಾದರೆ ಮರ, ಕಂಡವರದ್ದಾದರೆ ಸೌದೆ!

ಈ ಸಲ ಅವನಿಗೆ ಆ ಮಾತು ಮರೆತೇಹೋಗಿತ್ತು. ಭಾಗ್ಯ ನೆನಪಿಸಲಿಲ್ಲ.

ಕಂಪ್ಯೂಟರಿನ ಪರದೆಯಲ್ಲಿ ಮೇಲಿನಿಂದ ತೆಗೆದ ಚಿತ್ರವಿತ್ತು. ಹೊಳೆ, ತೋಟ, ಮನೆಗಳ ಮಾಡು ಎಲ್ಲ ಕಾಣುತ್ತಿತ್ತು. ಉಜ್ವಲನ ಅತ್ತೆ ಪ್ರೇಮಕ್ಕನ ಕೊಟ್ಟಿಗೆಯ ನೀಲಿ ಶೀಟಂತೂ ಕಣ್ಣಿಗೆ ಹೊಡೆಯುತ್ತಿತ್ತು. ಅಳಿಯ ತಲೆಯೆತ್ತಿದ್ದರೆ ಗುರುತು ಹಿಡಿಯುತ್ತಿದ್ದ. ಅವನೋ ಫೋನಿನಲ್ಲಿ ಯಾರಿಗೋ ದರ ಹೇಳುತ್ತಿದ್ದ. ಆ ಚಿತ್ರ ಜಿಪಿಎಸ್‌ಗೆ ಹೋಗುವುದಿಲ್ಲ. ಅದರಲ್ಲಿ ಕಾಣುವುದು ಒಂದು ಬಾವುಟ, ಅದರ ಹೆಸರು, ದಾರಿ ತೋರಿಸುವ ಬಾಣ, ಅಷ್ಟೇ. ಭಾಗ್ಯ ಮರಗಳ ಹೆಸರನ್ನೆಲ್ಲ ಅಳಿಸಿ ನಂಬರ್ ಕೊಟ್ಟಳು. ಪ್ರೇಮಕ್ಕನ ಮರಕ್ಕೆ ಒಂದನೇ ನಂಬರು.

ಕೇಬಲ್ ಸಿಕ್ಕಿಸುವಾಗ ಪ್ರೇಮಕ್ಕ ನೆನಪಾದಳು. ಗುರುತು ಹಾಕಲು ಹೋದ ದಿನ, ಬಿಸಿಲಲ್ಲಿ ಬಂದವಳೆಂದು ಒಳಗೆ ಕರೆದು ಮಜ್ಜಿಗೆ ಕೊಟ್ಟಿದ್ದಳು, ತನ್ನ ಅತ್ತೆ ನೆಟ್ಟ ಮರವೆಂದು ಹೊಳೆದಂಡೆಗೆ ಕರೆದೊಯ್ದು ತೋರಿಸಿದ್ದಳು. ಅಷ್ಟರಲ್ಲಿ ಉಜ್ವಲ ಫೋನಿಗೆ, “ಮಾಲಿಗೆ ಎಂತ ಬರ? ಕಾಡು ತುಂಬ ಮರ ಇದೆ” ಎಂದು ನಕ್ಕ. ಭಾಗ್ಯ ಹಲ್ಲು ಕಚ್ಚಿ ಫೈಲನ್ನು ಜಿಪಿಎಸ್‌ಗೆ ಇಳಿಸಿದಳು.

“ಒಂದನೇ ನಂಬರಿಂದ ಶುರು ಮಾಡ್ಲಿ ಉಜ್ವಲಣ್ಣ. ಅಲ್ಲಿ ಮಿಡಿ ಚೆನ್ನಾಗಿದೆ.”

ಅವನು ಖುಷಿಯಿಂದ ಹೋದ. ಮಾಡಿದ್ದುಣ್ಣೋ ಮಹಾರಾಯ, ಎಂದುಕೊಂಡಳು. ವರ್ಷದಿಂದ ಉರಿಯುತ್ತಿದ್ದ ಹೊಟ್ಟೆ ತಣ್ಣಗಾಯಿತು.

ಆಳುಗಳು ಹೊರಗಿನವರು, ಯಾರ ಮರವೆಂದು ತಿಳಿಯದವರು. ಬಾಣ ತೋರಿಸಿದತ್ತ ನಡೆದರು, ಹೊಳೆಯ ಕಡೆಯಿಂದಲೇ ದಂಡೆ ಹತ್ತಿದರು. ಪ್ರೇಮಕ್ಕ ನೆಂಟರ ಮದುವೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಮರ ಬೋಳಾಗಿತ್ತು.

ಮಾರನೇ ದಿನ ಉಜ್ವಲ ಅಂಗಡಿಗೆ ಓಡಿಬಂದ.

“ನೀನು ಬೇಕಂತಲೇ ಮಾಡಿದ್ದು!”

“ಹೌದು,” ಎಂದಳು ಭಾಗ್ಯ. “ಚಿಗುರ್ತದೆ ಬಿಡಿ.”

ಅವನು ಕುರ್ಚಿಯಲ್ಲಿ ಕೂತ. ಹೆಂಡತಿ ತವರು ಸೇರಿದ್ದಾಳೆ, ಅತ್ತೆ ಊಟ ಬಿಟ್ಟು ಕೂತಿದ್ದಾಳೆ ಎಂದು ಗೋಳಾಡಿದ. ಹೀಗೇ ಒಂದು ದಿನ ನೋಡಬೇಕೆಂದು ಅವಳು ಎಷ್ಟು ಸಲ ಅಂದುಕೊಂಡಿದ್ದಳೋ! ಸಂತೋಷವನ್ನು ಮುಚ್ಚಿಡಲೂ ಇಲ್ಲ. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಪ್ರೇಮಕ್ಕ.

“ಭಾಗ್ಯಾ, ಅದು ನಮ್ಮ ಮರ ಅಂತ ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು ಅಮ್ಮಾ. ಹೋದ ವರ್ಷ ನಮ್ಮ ಮರಾನೂ ಇವ್ರು ಹೀಗೇ ಕೊಯ್ಸಿದ್ರು. ಒಣಗಿಹೋಯ್ತು. ನಮ್ಮಪ್ಪ...”

ಪ್ರೇಮಕ್ಕ ಅವಳ ಮಾತು ತಡೆದಳು.

“ಹಂಗಾರೆ ಹೋದ ವರ್ಷವೇ ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ? ನನ್ನ ಮಾತು ಮೀರೋ ಧೈರ್ಯ ಅವನಿಗಿಲ್ಲ. ಅವತ್ತೇ ಆ ಗರಗಸ ಕಸ್ಕೊಂಡು ಹೊಳೆಗೆ ಹಾಕ್ತಿದ್ದೆ. ನನ್ನ ಮರ ನಿಂಗೆ ಎಂತ ಮಾಡಿತ್ತು ಹೇಳು?”

ಎದುರಿಗೆ ಉಜ್ವಲ ತಲೆ ತಗ್ಗಿಸಿ ಕೂತಿದ್ದ. ವರ್ಷವಿಡೀ ಅವಳು ಕಾದದ್ದು ಆ ತಗ್ಗಿದ ತಲೆಯನ್ನು ನೋಡಲಿಕ್ಕೆ. ಈಗ ಅತ್ತ ನೋಡಲು ಅವಳಿಗೆ ಆಗಲಿಲ್ಲ.