ಆಗಸ್ಟ್‌ನಲ್ಲಿ ನುಂಗಿದ ಎರಡು ಪದ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹನ್ನೊಂದು ವರ್ಷ ಲೈನ್‌ಬ್ಯಾಕರ್ ಆಗಿ ಆಡಿದೆ. ಚೆಂಡು ಹಿಡಿದು ನುಗ್ಗುವವನಿಗೆ ಎದುರಾಗಿ ಅವನನ್ನು ನೆಲಕ್ಕೆ ಕೆಡಹುವುದು, ಅಷ್ಟೇ ನನ್ನ ಕಸುಬು. ನಾಲ್ಕು ಬೆರಳು ಸೊಟ್ಟಗಿವೆ, ಎಡಗೈ ಭುಜದಿಂದ ಮೇಲೇಳುವುದಿಲ್ಲ. ಅದಕ್ಕೆಲ್ಲ ಅಳುವ ಜಾತಿ ನನ್ನದಲ್ಲ. ಅಳು ಬರುವುದು ಟವಾರಿಸ್‌ನನ್ನು ನೆನೆದಾಗ.

ಟವಾರಿಸ್ ಗುಡ್ಲೋ ನನ್ನ ಪಕ್ಕದಲ್ಲೇ ನಿಂತು ಆಡುತ್ತಿದ್ದ. ಪಂದ್ಯಗಳು ಶುರುವಾಗುವ ಮುಂಚೆ, ಆಗಸ್ಟ್‌ನಲ್ಲಿ, ಡಾಕ್ಟರು ಎಲ್ಲರ ತಲೆ ಪರೀಕ್ಷಿಸುತ್ತಾರೆ. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಮುಂದೆ ಪೆಟ್ಟು ಬಿದ್ದಾಗ ಅದೇ ಪದ ಕೇಳಿ ಹೋಲಿಸುತ್ತಾರೆ. ಸಾಲಿನಲ್ಲಿ ನಿಂತಿದ್ದಾಗ ನಾನೇ ಅವನ ಕಿವಿಯಲ್ಲಿ ಊದಿದೆ.

"ಲೇ, ಐದೂ ಒಪ್ಪಿಸಿ ಜಾಣ ಅನ್ನಿಸ್ಕೋಬೇಡ. ಎರಡು ನುಂಗ್ಬಿಡು."

"ಯಾಕಣ್ಣ?"

"ಡಿಸೆಂಬರ್‌ನಲ್ಲಿ ತಲೆ ಗಿರ್ ಅಂದಾಗ ಮೂರೇ ನೆನಪಾಗೋದು. ಇವನು ಇರೋದೇ ಹೀಗೆ ದಡ್ಡ ಅಂತ ಆಟಕ್ಕೆ ಬಿಡ್ತಾರೆ. ಒಂದು ಪಂದ್ಯ ಹೊರಗೆ ಕೂತ್ಯೋ, ನಿನ್ನ ಜಾಗ ಇನ್ನೊಬ್ಬನಿಗೆ."

"ದಡ್ಡ ಅಂತ ನಮ್ಮಮ್ಮ ಆಗ್ಲೇ ಹೆಸರಿಟ್ಟಾಗಿದೆ ಬಿಡು" ಎಂದು ನಕ್ಕ. ಒಳಗೆ ಹೋಗಿ ಕುದುರೆ, ಸೋಪು, ಮೇಜು ಎಂದ. ಹೊರಗೆ ಬಂದು ನನಗೆ ಕಣ್ಣು ಹೊಡೆದು, ನುಂಗಿದ್ದನ್ನು ಪಿಸುಗುಟ್ಟಿದ: "ಕಿಟಕಿ, ಜೇನು."

ಡಿಸೆಂಬರ್‌ನ ಕೊನೆಯ ಪಂದ್ಯ. ಹಿಮ ಬೀಳುತ್ತಿತ್ತು, ಮೂರೇ ಅಂಕದಿಂದ ಮುಂದಿದ್ದೆವು. ಎದುರಾಳಿಯ ಓಟಗಾರ, ನೂರಹತ್ತು ಕಿಲೋದ ಗೂಳಿ, ಟವಾರಿಸ್‌ನ ಹಣೆಗೇ ಬಂದು ಗುದ್ದಿದ. ಕಾರಿನ ಬಾಗಿಲು ಬಡಿದಂಥ ಸದ್ದು. ಟವಾರಿಸ್ ಮೂಗಿನಿಂದ ರಕ್ತ ಸುರಿಸುತ್ತ ಎದ್ದ, ಎದ್ದವನು ನೆಟ್ಟಗೆ ಎದುರಾಳಿಗಳ ಗುಂಪಿಗೆ ಹೋಗಿ ನಿಂತ! ಡಾಕ್ಟರು ಅವನನ್ನು ಪರೀಕ್ಷಿಸಲು ಮೈದಾನದಂಚಿನ ನೀಲಿ ಡೇರೆಗೆ ಎಳೆದೊಯ್ದರು. ಡೇರೆಯ ಹೊರಗೇ ನಿಂತಿದ್ದ ನನಗೆ ಒಳಗಿನ ಮಾತು ಕೇಳಿಸಿತು.

"ಕುದುರೆ... ಸೋಪು... ಮೇಜು."

"ಆಗಸ್ಟಲ್ಲೂ ಮೂರೇ. ಹೋಗು, ಆಡು."

ಬಂದ. ಒಂದು ಕಣ್ಣು ಎತ್ತಲೋ ನೋಡುತ್ತಿತ್ತು. ಆಗ ನಾನು ಕೈಯೆತ್ತಿ ನಿಲ್ಲಿಸಬೇಕಿತ್ತು. ಗೆಲ್ಲಬೇಕಿತ್ತಲ್ಲ, ಹಾಳಾದ್ದು! "ಬಾರೋ ಮಗನೇ, ಮುರಿದು ಹಾಕೋಣ" ಎಂದೆ.

ಮುಂದಿನ ದಾಳಿಯಲ್ಲೇ ಅದೇ ಗೂಳಿ ಬಂತು. ಟವಾರಿಸ್ ತಲೆಯಿಂದಲೇ ಗುದ್ದಿದ. ಗೂಳಿಯ ಪಕ್ಕೆಲುಬು ಲಟಕ್ಕೆಂದಿತು, ಹಿಂದಕ್ಕೆ ಬಿದ್ದು ಒದ್ದಾಡಿತು. ಎಪ್ಪತ್ತು ಸಾವಿರ ಜನ ಎದ್ದು ಕೂಗಿದರು. ನಾನೂ ಎದೆ ಗುದ್ದಿಕೊಂಡು ಕುಣಿದೆ. ತಿರುಗಿ ನೋಡಿದರೆ ಟವಾರಿಸ್ ಹಿಮದ ಮೇಲೆ ಅಂಗಾತ ಬಿದ್ದಿದ್ದ. ಎರಡೂ ಕೈ ಸೆಟೆದು ಮೇಲಕ್ಕೆ ನಿಂತಿದ್ದವು.

ಈಗ ಅವನು ಜಾರ್ಜಿಯಾದಲ್ಲಿ, ತಾಯಿ ವರ್ಲೀನ್ ಮನೆಯಲ್ಲಿ ಇದ್ದಾನೆ. ವಯಸ್ಸು ಮೂವತ್ತೊಂದು. ಮೊನ್ನೆ ಹೋದಾಗ ಕಿಟಕಿಯ ಪಕ್ಕ ಕುರ್ಚಿಗೆ ಬೆಲ್ಟು ಕಟ್ಟಿ ಕೂರಿಸಿದ್ದಳು. ಗಲ್ಲ ಅಂಟಂಟಾಗಿತ್ತು. ನನ್ನನ್ನು ಕಂಡು ಅವನ ಒಂದು ಕಣ್ಣು ಮುಚ್ಚಿ ತೆರೆಯಿತು.

"ಕಿಟಕಿ" ಎಂದ. "ಜೇನು."

"ಏಳು ವರ್ಷದಿಂದ ಇವೆರಡೇ ಮಾತು ಕಣಪ್ಪ" ಎಂದಳು ವರ್ಲೀನ್, ಚಮಚ ಒರೆಸುತ್ತ. "ಅದಕ್ಕೇ ದಿನಾ ಕಿಟಕಿ ಹತ್ರ ಕೂರಿಸಿ ಜೇನು ತಿನ್ನಿಸ್ತೀನಿ. ಮಗ ಕೇಳಿದ್ದನ್ನ ಇಲ್ಲ ಅನ್ನೋಕಾಗುತ್ತಾ? ನೀನು ಅವನ ಪಕ್ಕದಲ್ಲೇ ಇದ್ದೋನು. ಮುಂಚೇನೂ ಅಷ್ಟು ಇಷ್ಟ ಇತ್ತಾ ಅವನಿಗೆ ಜೇನು?"

"ಹೂಂ ಅಮ್ಮ, ತುಂಬಾ ಇಷ್ಟ" ಎಂದೆ. ಅವಳು ಚಮಚ ನನ್ನ ಕೈಗೆ ಕೊಟ್ಟಳು.